ಕಸಿ ಗಿಡ ಸೊರಗುತ್ತಿದೆಯೇ? ಮೊದಲು ಬೇರು ಯಾವ ಗಿಡದ್ದೆಂದು ನೋಡಿ

ಕಸಿ ಗಿಡ ಸತ್ತರೆ ನಾವು ಮೊದಲು ದೂರುವುದು ತಳಿಯನ್ನು. ‘ಆಪೂಸು ನಮ್ಮೂರಿಗೆ ಆಗಿ ಬರುವುದಿಲ್ಲ’, ‘ಕ್ರಿಕೆಟ್ ಬಾಲ್ ಸಪೋಟ ಇಲ್ಲಿ ಏಳುವುದಿಲ್ಲ’ ಎಂದುಬಿಡುತ್ತೇವೆ. ಆಮೇಲೆ ಗೊಬ್ಬರದ ಸರದಿ, ಅದಾದ ಮೇಲೆ ಔಷಧಿಯದ್ದು. ಆದರೆ ಮಣ್ಣಿನೊಳಗೆ ಇರುವುದು ಆಪೂಸೂ ಅಲ್ಲ, ಕ್ರಿಕೆಟ್ ಬಾಲೂ ಅಲ್ಲ. ಕಸಿ ಗಂಟಿನಿಂದ ಕೆಳಗೆ ಇರುವುದು ಇನ್ನೊಂದು ಗಿಡ. ನೀರು ನಿಂತರೆ ಉಸಿರು ಕಟ್ಟುವುದು ಅದಕ್ಕೆ. ಕಲ್ಲು ಅಡ್ಡ ಬಂದರೆ ತಿರುಗಿ ಹೋಗಬೇಕಾದದ್ದೂ ಅದೇ. ಈ ಕೆಳಗಿನ ಗಿಡಕ್ಕೆ ಬೇರುಸಸಿ ಎನ್ನುತ್ತಾರೆ. ಅದು ನಿಮ್ಮ ಮಣ್ಣಿಗೆ ಹೊಂದದಿದ್ದರೆ ಮೇಲಿನ ತಳಿ ಎಷ್ಟು ಒಳ್ಳೆಯದಾದರೂ ಪ್ರಯೋಜನ ಇಲ್ಲ.

ಮಂಗಳೂರು, ಉಡುಪಿ ಕಡೆಯ ಹಿತ್ತಲು ಮತ್ತು ತೋಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಮ್ಮಲ್ಲಿ ಅರ್ಧ ಕಿಲೋಮೀಟರ್ ಒಳಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಪದವು ಅಂದರೆ ಎತ್ತರದ ಬಯಲು, ಜೇಡಿಯ ಬೈಲು ಅಂದರೆ ತಗ್ಗಿನ ಗದ್ದೆ, ಹೊಯಿಗೆಯ (ಮರಳಿನ) ದಂಡೆ ಮೂರೂ ಸಿಗುತ್ತವೆ. ಪಕ್ಕದ ಮನೆಯಲ್ಲಿ ಚೆನ್ನಾಗಿ ಬಂದ ಗಿಡ ನಿಮ್ಮಲ್ಲಿ ಬಾರದಿರಲು ಇಷ್ಟೇ ಸಾಕು.

ಯಾವ ತಿಂಗಳಲ್ಲಿ ಬಾಡಿತು?

ಹಾರೆ ಹಿಡಿಯುವ ಮೊದಲು ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಎಲೆಯ ಬಣ್ಣಕ್ಕಿಂತ ಜಾಸ್ತಿ ವಿಷಯ ಇದರಿಂದಲೇ ತಿಳಿಯುತ್ತದೆ.

ಮಳೆಗಾಲ ಪೂರ್ತಿ ಹಸಿರಾಗಿದ್ದ ಗಿಡ ಅಕ್ಟೋಬರ್ ಬಿಸಿಲಿಗೆ ಒಂದೇ ವಾರದಲ್ಲಿ ಜೋತುಬಿದ್ದರೆ ‘ಮಳೆ ನಿಂತಿತಲ್ಲ, ನೀರು ಸಾಲಲಿಲ್ಲ’ ಅನಿಸುತ್ತದೆ. ಕೊಡಪಾನ ತುಂಬ ನೀರು ತಂದು ಸುರಿಯುತ್ತಾರೆ. ಅದು ಗಿಡವನ್ನು ಇನ್ನೂ ಬೇಗ ಕೊಲ್ಲುತ್ತದೆ. ಅಲ್ಲಿ ನಡೆದದ್ದು ಬೇರೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬುಡದಲ್ಲಿ ನೀರು ನಿಂತು ಬೇರು ಆಗಲೇ ಕೊಳೆತಿರುತ್ತದೆ. ಮೋಡ ಕವಿದು ಗಾಳಿಯಲ್ಲೆಲ್ಲ ತೇವ ಇರುವಾಗ ಎಲೆಗೆ ನೀರಿನ ಅಗತ್ಯ ಕಡಿಮೆ. ಉಳಿದ ಕಾಲು ಭಾಗ ಬೇರಿನಲ್ಲೇ ಗಿಡ ಹೇಗೋ ನಡೆಸಿಕೊಂಡು ಹೋಗುತ್ತದೆ. ಬಿಸಿಲು ಬಂದ ಕೂಡಲೇ ಎಲೆ ನೀರು ಕೇಳುತ್ತದೆ. ಕೊಡಲು ಸಾಕಷ್ಟು ಬೇರಿಲ್ಲ. ರೋಗ ಜುಲೈಯದ್ದು, ಕಾಣಿಸಿದ್ದು ಅಕ್ಟೋಬರಿನಲ್ಲಿ.

ಜನವರಿಯಿಂದ ನಿಧಾನಕ್ಕೆ ಎಲೆ ಉದುರುತ್ತಾ ಬಂದು ಏಪ್ರಿಲ್, ಮೇ ಹೊತ್ತಿಗೆ ಒಣಗಿದರೆ ಬೇರು ಕೆಳಗೆ ಇಳಿಯಲು ಜಾಗ ಸಿಗಲಿಲ್ಲ ಎಂದು ಅರ್ಥ. ಮುರಕಲ್ಲಿನ ಮೇಲೆ ಒಂದೂವರೆ ಅಡಿ ಮಣ್ಣಿರುವ ಕಡೆ ಹೀಗಾಗುತ್ತದೆ. ಫೆಬ್ರವರಿಯ ನಂತರ ಎಲೆಯ ತುದಿ ಮತ್ತು ಅಂಚು ಮಾತ್ರ ಸುಟ್ಟ ಹಾಗೆ ಕಂದಾಗಿ, ಮಳೆ ಬಂದ ಮೇಲೆ ಹೊಸ ಚಿಗುರು ಸರಿಯಾಗಿ ಬಂದರೆ ಉಪ್ಪಿನ ಮೇಲೆ ಅನುಮಾನಪಡಿ. ಉದ್ಯಾವರ, ಕಲ್ಯಾಣಪುರ, ಉಳ್ಳಾಲದಂಥ ಹೊಳೆ ಬದಿಯ ಊರುಗಳಲ್ಲಿ ಬೇಸಿಗೆಗೆ ಬಾವಿ ನೀರು ಚಪ್ಪೆಯಿಂದ ಉಪ್ಪಾಗುವುದು ಹೊಸದಲ್ಲ. ಬಾವಿ ನೀರನ್ನು ನಾಲಗೆಗೆ ಹಚ್ಚಿ ನೋಡಿದರೂ ಒಂದು ಅಂದಾಜು ಸಿಗುತ್ತದೆ.

ಯಾವ ಕಾಲವೆಂದಿಲ್ಲದೆ, ನೆಟ್ಟ ಮೂರು ನಾಲ್ಕು ವರ್ಷಕ್ಕೆ ಗಿಡ ಇದ್ದಷ್ಟೇ ಇದ್ದರೆ ಬೇರು ಪ್ಲಾಸ್ಟಿಕ್ ತೊಟ್ಟೆಯೊಳಗೆ ಸುತ್ತಿಕೊಂಡಿದ್ದಾಗಲೇ ನೆಟ್ಟಿರಬಹುದು. ಇಲ್ಲವೇ ಕಸಿ ಗಂಟಿನಲ್ಲೇ ತೊಂದರೆ ಇದ್ದೀತು.

ಕಸಿ ಗಂಟನ್ನು ಹುಡುಕಿ

ಬುಡದ ಸೊಪ್ಪು, ತರಗೆಲೆ ಸರಿಸಿ ಗಂಟು ಎಲ್ಲಿದೆ ನೋಡಿ. ಎಷ್ಟೋ ಗಿಡಗಳಲ್ಲಿ ಅದು ಮಣ್ಣಿನೊಳಗೆ ಹೂತುಹೋಗಿರುತ್ತದೆ. ನೆಡುವಾಗ ಸರಿಯಾಗಿಯೇ ಇದ್ದೀತು. ಆಮೇಲೆ ವರ್ಷ ವರ್ಷ ಸೊಪ್ಪು, ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿ ಹಾಕಿ ಬುಡ ಏರಿರುತ್ತದೆ. ಗಂಟು ಮಣ್ಣು ಮುಟ್ಟಿದರೆ ಮೇಲಿನ ಕಸಿಕಡ್ಡಿಯೇ ಬೇರು ಬಿಡಬಹುದು. ಆಗ ಬೇರುಸಸಿಗೆ ಕೊಟ್ಟ ದುಡ್ಡು ದಂಡ. ಬೇರು ಬಿಡದ ಗಿಡವಾದರೆ ಹಸಿ ಮಣ್ಣಿನಲ್ಲಿ ಗಂಟಿನ ತೊಗಟೆ ಕೊಳೆಯುತ್ತದೆ.

ಕಸಿ ಕಟ್ಟುವಾಗ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದೆಯೇ ಎಂದೂ ನೋಡಿ. ಕಾಂಡ ದಪ್ಪವಾಗುತ್ತಾ ಹೋದಂತೆ ಅದು ತೊಗಟೆಯೊಳಗೆ ಹೂತು ಕುತ್ತಿಗೆ ಹಿಸುಕುತ್ತದೆ. ಪಟ್ಟಿಯ ಮೇಲೆ ಉಬ್ಬು, ಕೆಳಗೆ ಸಪೂರ ಕಾಂಡ ಕಾಣಿಸುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದರೆ ಎಷ್ಟೋ ಗಿಡಗಳು ಬದುಕುತ್ತವೆ.

ಇನ್ನೊಂದು, ಗಂಟಿನ ಕೆಳಗಿನಿಂದ ಚಿಗುರು ಬಂದಿದೆಯೇ? ಕಸಿ ಭಾಗ ಸತ್ತು ಬೇರುಸಸಿಯೇ ಮರವಾದದ್ದು ಗೊತ್ತಾಗದೆ ಹತ್ತು ವರ್ಷ ಗೊಬ್ಬರ ಹಾಕಿದವರಿದ್ದಾರೆ. ಎಲೆ ನೋಡಿದರೆ ಸಾಮಾನ್ಯವಾಗಿ ಗುರುತು ಹತ್ತುತ್ತದೆ. ಸಪೋಟಕ್ಕೆ ಬೇರುಸಸಿಯಾಗಿ ಬಳಸುವ ಖಿರ್ಣಿಯ ಎಲೆಯ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಸಪೋಟದ ಎಲೆ ತುದಿಯಲ್ಲಿ ಚೂಪು. ಮಾವಿನಲ್ಲಿ ಮಾತ್ರ ಎಲೆ ನೋಡಿ ಹೇಳುವುದು ಕಷ್ಟ. ಅಲ್ಲಿ ಚಿಗುರು ಗಂಟಿನ ಮೇಲಿನದ್ದೋ ಕೆಳಗಿನದ್ದೋ ಎಂದು ಕಣ್ಣಿಟ್ಟು ನೋಡಲೇಬೇಕು.

ಬೇರು ಬಿಡಿಸಿ ನೋಡುವುದು

ಇದನ್ನು ಮಾಡದೆ ತೀರ್ಮಾನಕ್ಕೆ ಬರಬೇಡಿ. ಗಿಡ ಕೀಳಬೇಕಾಗಿಲ್ಲ. ಬುಡದಿಂದ ಎರಡಡಿ ದೂರದಲ್ಲಿ, ಒಂದೇ ಬದಿಯಲ್ಲಿ, ಒಂದಡಿ ಅಗಲ ಒಂದೂವರೆ ಅಡಿ ಆಳ ಅಗೆಯಿರಿ. ಪೆನ್ಸಿಲ್‌ಗಿಂತ ಸಪೂರ ಬೇರು ಹುಡುಕಿ ಎರಡು ಬೆರಳಲ್ಲಿ ಹಿಡಿದು ಎಳೆಯಿರಿ.

ಜೀವಂತ ಬೇರಿನ ತುದಿ ಬಿಳಿ ಅಥವಾ ಕೆನೆ ಬಣ್ಣ, ಮುರಿದರೆ ಟಕ್ಕೆಂದು ತುಂಡಾಗುತ್ತದೆ. ಕೊಳೆತದ್ದರ ಹೊರಸಿಪ್ಪೆ ಬೆರಳಿಗೆ ಅಂಟಿಕೊಂಡು ಜಾರಿ ಬಂದುಬಿಡುತ್ತದೆ. ಒಳಗಿನ ನಾರು ಮಾತ್ರ ದಾರದ ಹಾಗೆ ಉಳಿಯುತ್ತದೆ. ಹೀಗೆ ಸಿಪ್ಪೆ ಜಾರಿದರೆ ನೀರು ನಿಂತದ್ದು ಅಥವಾ ಕೊಳೆ ರೋಗ ತಗುಲಿದ್ದು ಖಂಡಿತ. ಮೂಗಿನ ಹತ್ತಿರ ಹಿಡಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಮಣ್ಣಿನಲ್ಲಿ ವಾರಗಟ್ಟಲೆ ಗಾಳಿಯೇ ಆಡಿಲ್ಲ. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿದ್ದರೆ ಅದು ಜಂತುಹುಳುವಿನ ಕೆಲಸ. ಕಾಳುಮೆಣಸಿನಲ್ಲಿ ಇದು ಜಾಸ್ತಿ.

ಅಗೆದ ಗುಂಡಿಯ ಗೋಡೆಯನ್ನೂ ನೋಡಿ. ಮಣ್ಣು ಮೇಲಿಂದ ಕೆಳಗೆ ಒಂದೇ ಕೆಂಪಾಗಿದ್ದರೆ ನೀರು ಇಂಗುತ್ತದೆ. ಒಂದಡಿ ಕೆಳಗೆ ಮಣ್ಣು ಬೂದು ಬಣ್ಣಕ್ಕೆ ತಿರುಗಿ ನಡುನಡುವೆ ತುಕ್ಕಿನ ಬಣ್ಣದ ಕಲೆಗಳಿದ್ದರೆ ವರ್ಷದಲ್ಲಿ ಕೆಲವು ತಿಂಗಳು ನೀರು ಅಲ್ಲಿಯವರೆಗೆ ಏರುತ್ತದೆ. ಮಣ್ಣಿನ ಕಬ್ಬಿಣ ಗಾಳಿ ಇಲ್ಲದಾಗ ಕರಗಿ, ಗಾಳಿ ಸಿಕ್ಕಾಗ ಮತ್ತೆ ತುಕ್ಕಾಗಿ ಕೂತ ಗುರುತು ಅದು. ನೀವು ಬೇಸಿಗೆಯಲ್ಲಿ ಅಗೆದರೂ ಆ ಕಲೆ ಮಳೆಗಾಲದ ಕತೆ ಹೇಳುತ್ತದೆ. ತೋಟದ ಕಣಿಯಲ್ಲಿ (ನೀರು ಹರಿದುಹೋಗುವ ಕಾಲುವೆಯಲ್ಲಿ) ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಚುಚ್ಚಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆಯಾದರೆ ಚೂರುಚೂರಾಗಿ ಒಡೆಯುತ್ತದೆ. ಒಡೆದರೆ ಆ ಜಾಗದ ಮಣ್ಣಿಗೆ ಉಸಿರಿಲ್ಲ ಎಂದು ತಿಳಿಯಿರಿ.

ನಿಮ್ಮ ಜಾಗ ಹಿಂದೆ ಏನಾಗಿತ್ತು?

ನೀರು ಇಂಗುವುದನ್ನು ಅಳೆಯಲು ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಕಡ್ಡಿ ನೆಟ್ಟು ಅಳತೆ ಇಡಿ. ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಅದಕ್ಕಿಂತ ನಿಧಾನವಾದರೆ ನೀರು ನಿಲ್ಲುವ ಮಣ್ಣು. ನಮ್ಮಲ್ಲಿ ಮಳೆ ಕಡಿಮೆಯೇನಲ್ಲ, ವರ್ಷಕ್ಕೆ 3500 ಮಿಲಿಮೀಟರ್ ದಾಟುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಹಾಗಾಗಿ ಬಯಲುಸೀಮೆಯ ಪುಸ್ತಕದಲ್ಲಿ ‘ಚೆನ್ನಾಗಿ ಬಸಿಯುವ ಮಣ್ಣು’ ಎಂದು ಬರೆದದ್ದು ನಮ್ಮ ಜುಲೈಗೆ ಸಾಲುವುದಿಲ್ಲ.

ಇನ್ನೂ ಒಳ್ಳೆಯ ಪರೀಕ್ಷೆ ಊರಿನ ಹಿರಿಯರ ನೆನಪು. ಈ ಜಾಗದಲ್ಲಿ ಹಿಂದೆ ಎಷ್ಟು ಬೆಳೆ ತೆಗೆಯುತ್ತಿದ್ದರು ಎಂದು ಕೇಳಿ. ಏಣೆಲು (ಮಳೆಗಾಲದ ಭತ್ತ) ಒಂದೇ ಆಗಿದ್ದರೆ ಅದು ಬೆಟ್ಟು ಗದ್ದೆ. ಮಳೆ ನಿಂತರೆ ಒಣಗುವ ಜಾಗ. ಏಣೆಲಿನ ಹಿಂದೆ ಸುಗ್ಗಿಯೂ (ಎರಡನೇ ಬೆಳೆ) ಆಗುತ್ತಿದ್ದರೆ ಮಜಲು. ಕೊಳಕೆಯೂ (ಬೇಸಿಗೆಯ ಮೂರನೇ ಬೆಳೆ) ಬೆಳೆಯುತ್ತಿದ್ದರು ಎಂದರೆ ಬೈಲು. ಅಲ್ಲಿ ಬೇಸಿಗೆಯಲ್ಲೂ ನೀರು ಕೈಗೆ ಸಿಗುತ್ತಿತ್ತು, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಭತ್ತ ಬಿಟ್ಟು ಅಡಿಕೆ ಹಾಕಿದರೂ, ಮನೆ ಕಟ್ಟಿದರೂ ನೆಲದಡಿಯ ನೀರು ತನ್ನ ದಾರಿ ಬಿಡುವುದಿಲ್ಲ.

ಬೆಟ್ಟಿನಲ್ಲಿ ಆಳಕ್ಕೆ ಇಳಿದು ಬರ ತಡೆಯುವ ಬೇರು ಬೇಕು. ಬೈಲಿನಲ್ಲಿ ಕಡಿಮೆ ಗಾಳಿಯಲ್ಲೂ ಬದುಕುವ ಬೇರು ಬೇಕು. ಮಜಲಿನಲ್ಲಿ ಸಾಮಾನ್ಯವಾಗಿ ಎಲ್ಲವೂ ನಡೆಯುತ್ತದೆ, ಕಣಿ ಸರಿ ಇದ್ದರೆ ಸಾಕು. ಮಲ್ಪೆ, ಪಡುಕೆರೆ ಕಡೆಯ ಹೊಯಿಗೆಯಲ್ಲಿ ನೀರು ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ಅಲ್ಲಿ ಕಾಡುವುದು ಉಪ್ಪು ಮತ್ತು ಬೇಸಿಗೆ.

ಈ ಲೆಕ್ಕಕ್ಕೆ ಸಿಗದ ಒಂದು ಜಾಗ ಈಗ ಎಲ್ಲ ಕಡೆ ಹೆಚ್ಚಾಗಿದೆ. ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟು. ಕಸಿ ಗಿಡಗಳು ಅತಿ ಹೆಚ್ಚು ಸಾಯುವುದು ಇಲ್ಲೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೇಲೆ ಮೂರು ನಾಲ್ಕು ಅಡಿ ಕೆಂಪು ಮಣ್ಣು, ನೋಡಲು ಬೆಟ್ಟಿನ ಹಾಗೆ. ಜೆಸಿಬಿ, ಟಿಪ್ಪರ್ ಓಡಾಡಿ ಅದು ಗಟ್ಟಿಯಾಗಿರುತ್ತದೆ. ಅಡಿಯಲ್ಲಿ ಹಳೇ ಗದ್ದೆಯ ಜೇಡಿ ಹಾಗೇ ಇದೆ. ನೀವು ಗಟ್ಟಿ ಮಣ್ಣಿನಲ್ಲಿ ಗುಂಡಿ ತೆಗೆದು ಒಳ್ಳೆಯ ಮಣ್ಣು, ಗೊಬ್ಬರ ತುಂಬಿಸಿ ಗಿಡ ನೆಡುತ್ತೀರಿ. ಮಳೆ ಬಂದಾಗ ಸುತ್ತಲಿನ ನೀರೆಲ್ಲ ಆ ಮೆತ್ತಗಿನ ಗುಂಡಿಗೇ ಬಂದು ಸೇರುತ್ತದೆ. ಗಿಡ ಬಾಲ್ದಿಯಲ್ಲಿ ನಿಂತ ಹಾಗಾಗುತ್ತದೆ. ಜೊತೆಗೆ ಮನೆ ಕಟ್ಟಿದ ಸಿಮೆಂಟ್, ಸುಣ್ಣದ ಚೂರುಗಳು ಮಣ್ಣಿನಲ್ಲಿ ಸೇರಿದ್ದರೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಸಿಮೆಂಟಿನ ಕ್ಷಾರ ಅದನ್ನು ಬೇರಿಗೆ ಸಿಗದಂತೆ ಮಾಡುತ್ತದೆ. ಇಂಥ ಸೈಟಿನಲ್ಲಿ ಬೇರುಸಸಿ ಬದಲಿಸಿ ಉಪಯೋಗವಿಲ್ಲ. ನೆಲದ ಮೇಲೆ ಎರಡಡಿ ಎತ್ತರ, ಐದಾರು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಗುಂಡಿ ತೋಡಬೇಡಿ.

ಕಾಳುಮೆಣಸು: ಹಿಪ್ಪಲಿ ಕಸಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ನಮ್ಮ ಕಡೆ ಬೇರುಸಸಿಯ ಆಯ್ಕೆ ಎಲ್ಲಕ್ಕಿಂತ ಮುಖ್ಯವಾಗುವುದು ಕಾಳುಮೆಣಸಿನಲ್ಲಿ. ಪಣಿಯೂರು-1 ಕೇರಳದ ಪನ್ನಿಯೂರಿನಲ್ಲಿ ತಯಾರಾದ ಹೈಬ್ರಿಡ್ ತಳಿ. ಇಳುವರಿ ಒಳ್ಳೆಯದು. ಆದರೆ ಶೀಘ್ರ ಸೊರಗು ರೋಗ ತರುವ ಫೈಟೋಫ್ಥೋರಾ ಎಂಬ ರೋಗಾಣುವಿಗೆ ಬಹಳ ಬೇಗ ಬಲಿಯಾಗುತ್ತದೆ. ಅಡಿಕೆ ತೋಟ ಬೈಲಿನಲ್ಲಿದ್ದರೆ, ಆಟಿಯಲ್ಲಿ ಬುಡ ಒಂದು ವಾರ ಒದ್ದೆ ನಿಂತರೆ ಮುಗಿಯಿತು.

ಇದಕ್ಕೆ ಉಪಾಯವಾಗಿ ಬಂದದ್ದು ಹಿಪ್ಪಲಿ ಕಸಿ. ಇಲ್ಲಿ ಹಿಪ್ಪಲಿ ಎಂದರೆ ಔಷಧಿಗೆ ಬಳಸುವ ನಮ್ಮ ಹಿಪ್ಪಲಿ ಅಲ್ಲ. ದಕ್ಷಿಣ ಅಮೆರಿಕದ ಪೈಪರ್ ಕೊಲುಬ್ರೈನಮ್ ಎಂಬ ಅದರ ದಾಯಾದಿ. ಅಮೆಜಾನ್ ಕಡೆಯ ಜೌಗಿನಲ್ಲಿ ಬೆಳೆಯುವ ಗಿಡ. ಫೈಟೋಫ್ಥೋರಾವನ್ನೂ ಜಂತುಹುಳುವನ್ನೂ ತಡೆಯುತ್ತದೆ. ಬುಡದಲ್ಲಿ ನೀರು ನಿಂತರೂ ಹೆದರುವುದಿಲ್ಲ. ಕಡ್ಡಿ ಊರಿದರೆ ಸುಲಭವಾಗಿ ಬೇರು ಬರುತ್ತದೆ.

ಹೀಗಿದ್ದೂ ಹಿಪ್ಪಲಿ ಕಸಿ ಸತ್ತರೆ ಏನು ನೋಡಬೇಕು?

ಮೊದಲನೆಯದು ನೀರು. ಜೌಗಿನ ಗಿಡಕ್ಕೆ ಬರ ತಡೆಯುವ ಶಕ್ತಿ ಇಲ್ಲ. ಬೆಟ್ಟಿನಲ್ಲಿ, ಮುರಕಲ್ಲಿನ ಪದವಿನಲ್ಲಿ, ಬೇಸಿಗೆಯಲ್ಲಿ ನೀರು ಬಿಡದ ಗುಡ್ಡದ ಮರಗಳ ಬುಡದಲ್ಲಿ ಇದನ್ನು ನೆಟ್ಟರೆ ಮಾರ್ಚ್ ದಾಟುವುದು ಕಷ್ಟ. ‘ಕಸಿ ಗಿಡ, ರೋಗ ಬರುವುದಿಲ್ಲ’ ಎಂಬ ಒಂದೇ ಮಾತು ಕೇಳಿ ಎಲ್ಲ ಕಡೆ ನೆಡುವುದು ತಪ್ಪು. ಒಣ ಜಾಗಕ್ಕೆ ತನ್ನ ಬೇರಿನ ಮೇಲೆ ನಿಂತ ಮಾಮೂಲಿ ಬಳ್ಳಿಯೇ ಒಳ್ಳೆಯದು. ಅಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಸೊರಗು ರೋಗದ ಭಯವೂ ಕಡಿಮೆ.

ಎರಡನೆಯದು ಬಳ್ಳಿ ನೆಲ ಮುಟ್ಟಿದ್ದು. ಮೆಣಸಿನ ಬಳ್ಳಿಗೆ ಗೆಣ್ಣು ಗೆಣ್ಣಿನಲ್ಲೂ ಬೇರು ಬಿಡುವ ಸ್ವಭಾವ. ಗಂಟಿನ ಮೇಲಿನ ಒಂದು ಕುಡಿ ಜೋತುಬಿದ್ದು ಮಣ್ಣು ಮುಟ್ಟಿದರೆ ಅಲ್ಲೇ ಬೇರು ಬಿಟ್ಟು, ಆ ಬೇರಿನ ಮೂಲಕ ರೋಗ ಒಳಗೆ ಬರುತ್ತದೆ. ಆಮೇಲೆ ಹಿಪ್ಪಲಿಯ ಬೇರು ಎಷ್ಟು ಗಟ್ಟಿ ಇದ್ದರೂ ಕೆಲಸಕ್ಕೆ ಬಾರದು. ಮಳೆಗಾಲಕ್ಕೆ ಮೊದಲು, ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ, ಬುಡದ ಸುತ್ತ ಹರಿದ ಕುಡಿಗಳನ್ನೆಲ್ಲ ಎತ್ತಿ ಕಟ್ಟಿ ಅಥವಾ ಕತ್ತರಿಸಿ.

ಮೂರನೆಯದು ಹಿಪ್ಪಲಿಯದೇ ಚಿಗುರು. ಅದು ಮರ ಹತ್ತುವುದಿಲ್ಲ, ಬುಡದಿಂದ ನೆಟ್ಟಗೆ ಪೊದೆಯಾಗಿ ಏಳುತ್ತದೆ. ಗೆಣ್ಣು ಉಬ್ಬಿಕೊಂಡಿರುತ್ತವೆ, ಎಲೆ ಮೆಣಸಿನದ್ದಕ್ಕಿಂತ ಉದ್ದ. ಕಂಡ ಕೂಡಲೇ ಚಿವುಟಬೇಕು. ಎರಡು ತಿಂಗಳು ಬಿಟ್ಟರೆ ಮೇಲಿನ ಬಳ್ಳಿ ಸೊರಗಲು ಶುರು.

ನಾಲ್ಕು ಐದು ವರ್ಷದ ಬಳ್ಳಿ ಕಾಯಿ ಹಿಡಿದಿರುವಾಗಲೇ ಒಮ್ಮೆಲೇ ಬಾಡಿದರೆ ಗಂಟನ್ನು ಕೈಯಿಂದ ಮೆಲ್ಲಗೆ ಅಲುಗಾಡಿಸಿ. ಕೆಲವು ಬಳ್ಳಿಗಳಲ್ಲಿ ಎರಡು ಕಾಂಡಗಳ ಹೊಂದಾಣಿಕೆ ಕೊನೆಯವರೆಗೆ ಬರುವುದಿಲ್ಲ. ಒಂದು ದಪ್ಪ, ಒಂದು ಸಪೂರ ಆಗಿ ಅಲ್ಲೇ ಬಿರುಕು ಬಿಡುತ್ತದೆ. ಇದಕ್ಕೆ ಮದ್ದಿಲ್ಲ. ತೋಟಕ್ಕೆಲ್ಲ ಒಂದೇ ಸಲ ಹಿಪ್ಪಲಿ ಕಸಿ ಹಾಕಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನೀರು ನಿಲ್ಲುವ ಸಾಲಿಗೆ ಕಸಿ ಗಿಡ, ಉಳಿದ ಕಡೆ ಮಾಮೂಲಿ ಬಳ್ಳಿ ಹಾಕಿ.

ಕಸಿ ಗಿಡ ಹಾಕಿದ ಮೇಲೆ ಬೋರ್ಡೋ ದ್ರಾವಣ ಬೇಡ ಎಂದು ತಿಳಿಯಬಾರದು. ಬೇರು ಮಾತ್ರ ಹಿಪ್ಪಲಿಯದ್ದು, ಎಲೆ ಮೆಣಸಿನದ್ದೇ. ಮಳೆ ಹನಿಯ ಜೊತೆ ಮಣ್ಣು ಸಿಡಿದು ಎಲೆಗೆ ರೋಗ ಹತ್ತುತ್ತದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಶೇಕಡಾ 1ರ ದ್ರಾವಣವನ್ನು ಮುಂಗಾರಿಗೆ ಮೊದಲೊಮ್ಮೆ, ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಹೊಡೆಯಲೇಬೇಕು.

ಮಾವು: ಒಂದೇ ತಳಿ, ಹತ್ತು ಗಿಡ, ಹತ್ತು ಬಗೆ

ಒಂದೇ ದಿನ ಒಂದೇ ಕಡೆಯಿಂದ ತಂದ ಮಾವಿನ ಕಸಿಗಳಲ್ಲಿ ಒಂದು ಆಳೆತ್ತರ, ಪಕ್ಕದ್ದು ಮೊಣಕಾಲೆತ್ತರ ಇದ್ದರೆ ಮಣ್ಣನ್ನು ಬೈಯುವ ಮೊದಲು ಓಟೆಯನ್ನು (ಗೊರಟನ್ನು) ಯೋಚಿಸಿ. ಬೇರುಸಸಿ ಮಾಡಲು ಸಿಕ್ಕ ಸಿಕ್ಕ ಮಾವಿನ ಓಟೆ ಬಿತ್ತುತ್ತಾರೆ. ಆಪೂಸಿನಂಥ ತಳಿಗಳ ಓಟೆಯಲ್ಲಿ ಒಂದೇ ಮೊಳಕೆ. ಅದು ತಂದೆ ತಾಯಿ ಎರಡೂ ಕಡೆಯ ಗುಣ ಕಲೆತು ಹುಟ್ಟಿದ್ದು. ಒಂದೊಂದು ಓಟೆಯ ಗಿಡವೂ ಬೇರೆ ಬೇರೆ. ಹಾಗಾಗಿ ಬೇರಿನ ಶಕ್ತಿಯೂ ಬೇರೆ ಬೇರೆ.

ನಮ್ಮ ಪಶ್ಚಿಮ ಕರಾವಳಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಒಳೂರು, ಬಪ್ಪಕಾಯಿ, ಚಂದ್ರಕಾರನ್, ಕುರುಕ್ಕನ್ ಮುಂತಾದ ಇಲ್ಲಿನ ಹಳೇ ತಳಿಗಳ ಓಟೆಯಲ್ಲಿ ಎರಡು, ಮೂರು, ಕೆಲವೊಮ್ಮೆ ಇನ್ನೂ ಜಾಸ್ತಿ ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ತದ್ರೂಪು. ಇವುಗಳ ಮೇಲೆ ಕಟ್ಟಿದ ಕಸಿಗಳು ಹೆಚ್ಚು ಕಡಿಮೆ ಒಂದೇ ಸಮ ಬರುತ್ತವೆ. ನಿಮ್ಮ ಬೇಲಿ ಬದಿಯ ಕಾಟು ಮಾವಿನ ಮರ ಈ ಜಾತಿಯದ್ದೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ತಾಜಾ ಓಟೆಗಳನ್ನು ತೊಳೆದು, ಹೊರಚಿಪ್ಪು ಬಿಡಿಸಿ, ಒದ್ದೆ ಹೊಯಿಗೆಯಲ್ಲಿಡಿ. ಹಣ್ಣು ತಿಂದ ವಾರದೊಳಗೆ ಇದನ್ನು ಮಾಡಿ. ಮಾವಿನ ಬೀಜ ತಿಂಗಳೊಳಗೆ ಜೀವ ಕಳೆದುಕೊಳ್ಳುತ್ತದೆ. ಒಂದು ಓಟೆಯಿಂದ ಎರಡು ಮೂರು ಕುಡಿ ಎದ್ದರೆ ಆ ಮರ ಬೇರುಸಸಿಗೆ ಚಿನ್ನ. ಅದೂ ನಿಮ್ಮದೇ ಮಣ್ಣಿನಲ್ಲಿ, ನಿಮ್ಮದೇ ಮಳೆಯಲ್ಲಿ ನಿಂತು ಗೆದ್ದ ಮರ. ದಾರಿ ಬದಿಯ ಇಂಥ ಹಳೇ ಮರಗಳನ್ನು ರಸ್ತೆ ಅಗಲ ಮಾಡಲು ಕಡಿಯುವುದನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮರ ಬೀಳುವ ಮೊದಲು ಒಂದು ಚೀಲ ಓಟೆಯನ್ನಾದರೂ ತೆಗೆದಿಟ್ಟುಕೊಳ್ಳಿ.

ಮುರಕಲ್ಲಿನ ಜಾಗದಲ್ಲಿ, ಬಜಪೆ, ಕೊಣಾಜೆ, ಮಣಿಪಾಲದಂಥ ಪದವುಗಳಲ್ಲಿ, ತೊಟ್ಟೆಯ ಕಸಿಗಿಂತ ಜಾಗದಲ್ಲೇ ಓಟೆ ಬಿತ್ತಿ, ಗಿಡ ಪೆನ್ಸಿಲ್ ದಪ್ಪಕ್ಕೆ ಬಂದ ಮೇಲೆ ಅಲ್ಲೇ ಕಸಿ ಕಟ್ಟಿಸುವುದು ಉತ್ತಮ. ತಾಯಿಬೇರು ತುಂಡಾಗದೆ, ಸುತ್ತಿಕೊಳ್ಳದೆ, ಕಲ್ಲಿನ ಬಿರುಕು ಹುಡುಕಿ ಇಳಿಯುತ್ತದೆ. ಗೇರಿಗೂ ಇದೇ ಮಾತು. ತೆಂಗು ನೆಡುವಾಗ ಮುರಕಲ್ಲು ಮೆತ್ತಗಾಗಲಿ ಎಂದು ಗುಂಡಿಗೆ 2 ಕಿಲೋ ಉಪ್ಪು ಹಾಕುವ ಪದ್ಧತಿ ಇದೆಯಲ್ಲ, ಅದು ತೆಂಗಿಗೆ ಸರಿ. ಮಾವಿನ ಗುಂಡಿಗೆ, ನಿಂಬೆಯ ಗುಂಡಿಗೆ ಅದನ್ನು ಮಾಡಬೇಡಿ. ಎಲೆಯ ಅಂಚು ಸುಟ್ಟದ್ದಕ್ಕೆ ಕಾರಣ ಹುಡುಕುವಾಗ ಈ ಉಪ್ಪಿನ ಬಗ್ಗೆಯೂ ಕೇಳಿ.

ಉಪ್ಪು ನೀರಿನ ಜಾಗಕ್ಕೆ ಇಸ್ರೇಲಿನಲ್ಲಿ ಆರಿಸಿದ ‘13-1’ ಎಂಬ ಬೇರುಸಸಿ ಹೆಸರುವಾಸಿ. ನಮ್ಮ ಕುರುಕ್ಕನ್ ಕೂಡ ಉಪ್ಪು ತಾಳುತ್ತದೆ. ಬೈಲಿಗೆ ಮಾತ್ರ ಮಾವೂ ಬೇಡ, ಹಲಸು ಮೊದಲೇ ಬೇಡ. ಹಲಸಿನ ಬೇರಿಗೆ ನೀರು ನಿಂತರೆ ಆಗುವುದೇ ಇಲ್ಲ. ಅಂಥ ಕಡೆ ನೇರಳೆ, ಜಂಬುನೇರಳೆ ಹಾಕಿ.

ಸಪೋಟ ಮತ್ತು ಹುಳಿ ಜಾತಿ

ಸಪೋಟಕ್ಕೆ ಖಿರ್ಣಿ ಒಳ್ಳೆಯ ಬೇರು. ಗಟ್ಟಿ, ಬರ ತಡೆಯುತ್ತದೆ. ತೊಂದರೆ ಏನೆಂದರೆ ಅದು ಬೆಳೆಯುವುದು ಬಹಳ ನಿಧಾನ. ಹಾಗಾಗಿ ಗೂಟಿ ಕಟ್ಟಿದ, ಅಂದರೆ ಮರದ ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ ಗಿಡಗಳನ್ನೂ ಮಾರುತ್ತಾರೆ. ಗೂಟಿ ಗಿಡಕ್ಕೆ ತಾಯಿಬೇರಿಲ್ಲ. ಐದಾರು ವರ್ಷದ ಸಪೋಟ ಮರ ಜೂನ್ ಗಾಳಿಗೆ ಬುಡಸಮೇತ ವಾಲಿದರೆ ಬೇರು ನೋಡಿ. ಎಲ್ಲ ಬೇರೂ ಮೇಲ್ಮೈಯಲ್ಲೇ ಹರಡಿ ನಡುವೆ ಇಳಿಯುವ ಬೇರು ಇಲ್ಲದಿದ್ದರೆ ಕಾರಣ ಸಿಕ್ಕಿತು. ಎತ್ತಿ ನಿಲ್ಲಿಸಿ, ಮೂರು ಕಡೆ ಹಗ್ಗ ಕಟ್ಟಿ, ಕೊಂಬೆ ಹಗುರ ಮಾಡಿದರೆ ಉಳಿಯುತ್ತದೆ.

ಮೂಸಂಬಿ, ಕಿತ್ತಳೆಗೆ ಜಂಬೇರಿ ಎಂಬ ಒರಟು ನಿಂಬೆಯ ಬೇರು ಮಾಮೂಲಿ. ಒಣ ಕೆಂಪು ಮಣ್ಣಿನಲ್ಲಿ ಚೆನ್ನಾಗಿರುತ್ತದೆ, ಒದ್ದೆ ಬುಡದಲ್ಲಿ ತೊಗಟೆ ಕೊಳೆತು ಅಂಟು ಸೋರುತ್ತದೆ. ನಮ್ಮಲ್ಲಿ ನೆಡುವುದಾದರೆ ಗಂಟು ನೆಲದಿಂದ ಮುಕ್ಕಾಲು ಅಡಿಯಾದರೂ ಮೇಲಿರುವ ಗಿಡವನ್ನೇ ಆರಿಸಿ, ದಿಬ್ಬದ ಮೇಲೆ ನೆಡಿ.

ಚೆರ್ರಿ ಗಿಡ ಯಾಕೆ ಹೂ ಬಿಡಲಿಲ್ಲ?

ಕಾಶ್ಮೀರ, ಹಿಮಾಚಲಕ್ಕೆ ಹೋದವರು ಚೆರ್ರಿ ಗಿಡ ತಂದು ನೆಟ್ಟು ಈ ಪ್ರಶ್ನೆ ಕೇಳುತ್ತಾರೆ. ಇಲ್ಲಿ ಬೇರುಸಸಿ ಹುಡುಕಿ ಪ್ರಯೋಜನವಿಲ್ಲ. ಸಿಹಿ ಚೆರ್ರಿಗೆ ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಗಿಂತ ಕಡಿಮೆ ಚಳಿ ಬೇಕು. ಮಂಗಳೂರಿನಲ್ಲಿ ಒಂದು ಗಂಟೆಯೂ ಸಿಗುವುದಿಲ್ಲ. ಮೊಗ್ಗು ನಿದ್ದೆಯಿಂದ ಏಳುವುದೇ ಇಲ್ಲ. ಹಿತ್ತಲಲ್ಲಿ ಚೆರ್ರಿ ಬೇಕೇಬೇಕು ಎಂದರೆ ಬಾರ್ಬಡೋಸ್ ಚೆರ್ರಿ ಅಥವಾ ಸುರಿನಾಮ್ ಚೆರ್ರಿ ಹಾಕಿ. ಅವು ಬೇರೆಯೇ ಕುಟುಂಬದ ಗಿಡಗಳು, ನಮ್ಮ ಸೆಕೆಗೆ ಒಗ್ಗುತ್ತವೆ.

ಆದರೆ ಚೆರ್ರಿ ಬೆಳೆಯುವವರಿಂದ ಕಲಿಯುವುದು ಬಹಳ ಇದೆ. ಅವರು ತಳಿ ಆರಿಸುವಷ್ಟೇ ಗಮನವಿಟ್ಟು ಬೇರು ಆರಿಸುತ್ತಾರೆ. ಸುಣ್ಣ, ಗರಸು ಇರುವ ಒಣ ಮಣ್ಣಿಗೆ ಮಹಲೇಬ್ ಬೇರು. ಅದೇ ಮಹಲೇಬ್ ಜಿಗುಟು ಜೇಡಿಯಲ್ಲಿ ನೀರು ನಿಂತರೆ ಸಾಯುತ್ತದೆ. ಅಂಥ ಭಾರದ ಮಣ್ಣಿಗೆ ಮ್ಯಾಝಾರ್ಡ್ ಎಂಬ ಕಾಡು ಚೆರ್ರಿಯ ಬೇರು ವಾಸಿ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್‌ನಲ್ಲಿ ಬಂದ ಕೋಲ್ಟ್‌ಗೆ ಬರ ಆಗುವುದಿಲ್ಲ. ಜರ್ಮನಿಯ ಗಿಸೆಲಾ-5 ಮರವನ್ನು ಗಿಡ್ಡ ಇಡುತ್ತದೆ, ಬದಲಿಗೆ ಫಲವತ್ತಾದ ಮಣ್ಣು ಮತ್ತು ನೀರು ಕೇಳುತ್ತದೆ. ಹಿಮಾಚಲದವರು ತಮ್ಮ ಕಾಡಿನ ಪಾಜಾ ಎಂಬ ಕಾಡು ಚೆರ್ರಿಯನ್ನೇ ಬೇರುಸಸಿ ಮಾಡಿಕೊಂಡಿದ್ದಾರೆ. ಅಲ್ಲಿ ಗಿಡ ಕೊಳ್ಳುವವನು ‘ಯಾವ ಬೇರಿನ ಮೇಲೆ?’ ಎಂದು ಕೇಳದೆ ದುಡ್ಡು ಕೊಡುವುದಿಲ್ಲ. ನಾವೂ ಕೇಳಬೇಕು ಅಲ್ವಾ?

ಬೇರುಸಸಿಯ ತಪ್ಪಲ್ಲದವು

ಎಲ್ಲದಕ್ಕೂ ಬೇರನ್ನು ದೂರಬೇಡಿ. ಗೇರು, ಮಾವಿನ ಬುಡದಲ್ಲಿ ರಂಧ್ರ, ಮರದ ಹುಡಿ, ಅಂಟು ಕಂಡರೆ ಕಾಂಡಕೊರಕ. ಹಸಿ ಕೋಳಿಗೊಬ್ಬರ ಬುಡಕ್ಕೇ ಹಾಕಿದ ಹತ್ತು ದಿನದಲ್ಲಿ ಬಾಡಿದರೆ ಅದು ಗೊಬ್ಬರದ ಬಿಸಿ. ಹಳೇ ಎಲೆ ಮಾತ್ರ ಹಳದಿಯಾಗಿ ಎಳೆ ಎಲೆ ಚೆನ್ನಾಗಿದ್ದರೆ ಪೋಷಕಾಂಶದ ಕೊರತೆ. ನಮ್ಮ ಮಳೆ ಅದನ್ನೆಲ್ಲ ತೊಳೆದುಕೊಂಡು ಹೋಗಿ ಮಣ್ಣನ್ನು ಹುಳಿ ಮಾಡಿರುತ್ತದೆ. ಬ್ರಹ್ಮಾವರ ಮತ್ತು ಮಂಗಳೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲಿ ಕೇಳಿ, ಮಣ್ಣು ಪರೀಕ್ಷೆ ಮಾಡಿಸಿಯೇ ಸುಣ್ಣ ಹಾಕಿ. ಸುಮ್ನೆ ಅಂದಾಜಿನಲ್ಲಿ ಹಾಕಬೇಡಿ.

ಈಗಾಗಲೇ ನೆಟ್ಟಿದ್ದರೆ

ಎರಡು ವರ್ಷದೊಳಗಿನ ಗಿಡ, ಬೇರು ಅರ್ಧವಾದರೂ ಬಿಳಿ ಇದೆ ಎಂದಾದರೆ ಸ್ಥಳ ಬದಲಿಸಿ. ಮಳೆ ಹಿಡಿದ ಮೇಲೆ, ಆದರೆ ಜಡಿಮಳೆ ಶುರುವಾಗುವ ಮೊದಲು, ಸಂಜೆ ಹೊತ್ತು, ಮಣ್ಣಿನ ಹೆಂಟೆ ಸಮೇತ ಎತ್ತಿ ದಿಬ್ಬದ ಮೇಲೆ ಇಡಿ. ಎಲೆ ಅರ್ಧ ಕತ್ತರಿಸಿ.

ದೊಡ್ಡ ಗಿಡವಾದರೆ ಅದನ್ನು ಅಲ್ಲಾಡಿಸದೆ ನೀರನ್ನು ಆಚೆ ಕಳಿಸಿ. ಬುಡದಿಂದ ಐದಡಿ ದೂರದಲ್ಲಿ, ಇಳಿಜಾರಿನ ಕಡೆಗೆ, ಎರಡಡಿ ಆಳದ ಕಣಿ ತೆಗೆದು ತೋಡಿಗೆ ಸೇರಿಸಿ. ಕಣಿಯ ಕೊನೆ ತೆರೆದಿದೆಯೇ ಎಂದು ಜೋರು ಮಳೆಯಲ್ಲೇ ಕೊಡೆ ಹಿಡಿದು ಹೋಗಿ ನೋಡಿ. ಕೊನೆ ಮುಚ್ಚಿದ ಕಣಿ ಇನ್ನಷ್ಟು ನೀರನ್ನು ಬುಡಕ್ಕೆ ತಂದು ಕೊಡುತ್ತದೆ. ಕಸಿ ಗಂಟಿನವರೆಗೆ ಏರಿದ ಮಣ್ಣು ಕೆಳಗೆ ಎಳೆಯಿರಿ. ಮಳೆಗಾಲದಲ್ಲಿ ಬುಡಕ್ಕೆ ಸೊಪ್ಪು ಹಾಕುವುದನ್ನು ನಿಲ್ಲಿಸಿ, ನವೆಂಬರ್ ನಂತರ ಹಾಕಿ.

ಬೇರು ಎಲ್ಲ ಕಡೆ ಸಿಪ್ಪೆ ಜಾರುವ ಹಂತಕ್ಕೆ ಬಂದಿದ್ದರೆ ಆ ಗಿಡದ ಆಸೆ ಬಿಡಿ. ಕಿತ್ತು, ಬೇರು ಆರಿಸಿ ತೆಗೆದು ಸುಟ್ಟು, ಗುಂಡಿಯನ್ನು ಒಂದು ಬೇಸಿಗೆ ಪೂರ್ತಿ ಬಿಸಿಲಿಗೆ ತೆರೆದಿಡಿ. ಅದೇ ಜಾಗದಲ್ಲಿ ಅದೇ ಬೇರಿನ ಗಿಡವನ್ನು ಮತ್ತೆ ನೆಡಬೇಡಿ. ಹೊಸ ಗಿಡ ತರುವಾಗ ನರ್ಸರಿಯಲ್ಲಿ ಬೇರುಸಸಿಯ ಹೆಸರು ಕೇಳಿ, ಓಟೆ ಎಲ್ಲಿಂದ ತಂದದ್ದು ಎಂದೂ ಕೇಳಿ. ಹೇಳಲು ಆಗದಿದ್ದರೆ ತೊಟ್ಟೆಯ ಅಡಿ ತಿರುಗಿಸಿ ಬೇರು ಸುತ್ತಿಕೊಂಡಿದೆಯೇ ನೋಡಿ, ಗಂಟಿನ ಎತ್ತರ ನೋಡಿ. ಎರಡರಲ್ಲಿ ಒಂದು ಸರಿ ಇಲ್ಲದಿದ್ದರೂ ಆ ಗಿಡವನ್ನು ಅಲ್ಲೇ ಬಿಟ್ಟು ಬನ್ನಿ.